ಆ ಕಡೆ ತಿರುಗು

ಫೆಬ್ರುವರಿ 4

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಚೆನ್ನಾಗಿಲ್ಲ. ನೀನು ಹೇಳಿಕೊಟ್ಟ ವ್ಯಾಯಾಮ ಮಾಡದೆ ಹೀಗಾಯಿತು ಎಂದು ನೀನು ಬರೆಯುವ ಮೊದಲೇ ನಾನೇ ಒಪ್ಪಿಕೊಂಡುಬಿಡುತ್ತೇನೆ.

ಎಂದಿನಂತೆ ನಾನು ಹೇಳುತ್ತಿದ್ದೇನೆ, ಕೆಳಗಿನ ಮನೆಯವಳು ಬರೆಯುತ್ತಿದ್ದಾಳೆ. ಕೊನೆಯಲ್ಲಿ ಒಮ್ಮೆ ಓದಿಸಿ ಕೇಳುತ್ತೇನೆ, ಆದ್ದರಿಂದ ಅವಳು ಏನನ್ನೂ ಬಿಡುವ ಹಾಗಿಲ್ಲ. ತನ್ನದೇನಾದರೂ ಸೇರಿಸುವುದಿದ್ದರೆ ಕಂಸ ಹಾಕಿ ಸೇರಿಸಿಕೋ ಎಂದು ಅಪ್ಪಣೆ ಕೊಟ್ಟಿದ್ದೇನೆ.

(ತಂಗೀ, ವ್ಯಾಯಾಮ ಒಂದು ದಿನವೂ ಮಾಡಿಲ್ಲ. ಕಂಸದೊಳಗಿನದ್ದನ್ನು ನಾನು ಓದಿ ಹೇಳುವುದಿಲ್ಲ.)

ಫೋನು ಮಾಡಬಹುದಲ್ಲ ಎಂದು ಮತ್ತೆ ಕೇಳಬೇಡ. ಕಣ್ಣು ಕೈಕೊಡುವವರೆಗೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರಿಗೆಲ್ಲ ಲೈನು ಕೊಟ್ಟವಳು ನಾನು. ಫೋನಿನಲ್ಲಿ ಇಬ್ಬರೇ ಮಾತಾಡುತ್ತಾರೆ ಎಂದು ನಂಬುವ ಜನ ಬೇರೆ.

ವಿಷಯ ಇಷ್ಟು. ಏಪ್ರಿಲ್‌ನಲ್ಲಿ ನಗರಸಭೆಗೆ ಚುನಾವಣೆ. ನಿಮ್ಮಪ್ಪ ಹೋಗಿ ವರ್ಷ ತುಂಬುತ್ತಾ ಬಂತು. ನನಗೆ ಕಣ್ಣು ಕಾಣದಾದ ಮೇಲೆ ಪ್ರತಿ ಚುನಾವಣೆಯಲ್ಲೂ ಅವರೇ ನನ್ನ ಜೊತೆ ಮತಗಟ್ಟೆಯ ಮರೆಯೊಳಗೆ ಬಂದು ನನ್ನ ಮುದ್ರೆ ಒತ್ತುತ್ತಿದ್ದರು. ನಾನು ಕಿವಿಯಲ್ಲಿ ಹೇಳುತ್ತಿದ್ದೆ, ಅವರು ಹೂಂ ಅನ್ನುತ್ತಿದ್ದರು, ಕುಟ್ ಎಂದು ಸದ್ದಾಗುತ್ತಿತ್ತು. ಆ ಸದ್ದು ಯಾರ ಹೆಸರಿನ ಮೇಲೆ ಬಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ನಿಮ್ಮಪ್ಪ ಮಾತಿನ ಮನುಷ್ಯರಲ್ಲ, ನಿನಗೇ ಗೊತ್ತು. ಆದರೆ ಓಟು ಹಾಕಿ ವಾಪಸ್ ಬರುವಾಗ ಮಾತ್ರ ಮನೆ ಮುಟ್ಟುವವರೆಗೂ ಮಾತು ನಿಲ್ಲುತ್ತಿರಲಿಲ್ಲ. ಬಿಸಿಲು ಹೆಚ್ಚಾಯಿತು, ಚಪ್ಪಲಿ ಕಚ್ಚುತ್ತದೆ, ಆ ಅಂಗಡಿಯವನು ಬಾಗಿಲಿಗೆ ಬಣ್ಣ ಹೊಡೆಸಿದ್ದಾನೆ. ನಾನು ಕೇಳುತ್ತಾ ಬರುತ್ತಿದ್ದೆ. ಏನನ್ನೋ ಮುಚ್ಚಿಕೊಳ್ಳುವ ಮಾತಿನ ದನಿ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಣ್ಣಿಲ್ಲದವರ ಜೊತೆ ಒಬ್ಬರು ಒಳಗೆ ಬರಬಹುದು, ಅದು ಕಾನೂನು. ಈ ಸಲ ನೀನು ಬಾ.

(ಇಷ್ಟಕ್ಕೆ ತಂಗಿ ಅಷ್ಟು ದೂರದಿಂದ ಬರಬೇಕೆ? ನಾನಿಲ್ಲವೇ? ಹೇಗೂ ಬೀದಿಯ ಹಿರಿಯರನ್ನೆಲ್ಲ ಮತಗಟ್ಟೆಗೆ ಕರೆದುಕೊಂಡು ಹೋಗುವವಳು ನಾನೇ.)

ಇಂತಿ ನಿನ್ನ
ಅಮ್ಮ


ಫೆಬ್ರುವರಿ 17

ಪ್ರೀತಿಯ ಅಮ್ಮನಿಗೆ,

ನಿನ್ನ ಪತ್ರ ತಲುಪಿತು. ಉತ್ತರ ಬರೆಯಲು ಕೂತು ಎರಡು ಸಲ ಎದ್ದೆ.

ಆಸ್ಪತ್ರೆಯಲ್ಲಿ ಈಗ ಕೆಲಸ ಜಾಸ್ತಿ. ನನ್ನ ವಾರ್ಡಿನಲ್ಲಿ ಪಾರ್ಶ್ವವಾಯು ಆದ ಮೇಷ್ಟರೊಬ್ಬರಿದ್ದಾರೆ, ಕಂಬಿ ಹಿಡಿದು ನಡೆಯುವುದನ್ನು ಕಲಿಸುತ್ತಿದ್ದೇನೆ. ದಿನಾ ಬೈಯುತ್ತಾರೆ. "ಹಿಡ್ಕೋತೀನಿ ಅಂದು ಬಿಟ್ಟುಬಿಡ್ತೀಯಲ್ಲಮ್ಮ, ನೀನೆಂಥ ಡಾಕ್ಟರು?" ಎನ್ನುತ್ತಾರೆ. ನಾನು ಡಾಕ್ಟರಲ್ಲ, ಫಿಸಿಯೋಥೆರಪಿಯವಳು ಎಂದರೆ, "ಅದಕ್ಕೇ ಬಿಡ್ತೀಯ" ಎನ್ನುತ್ತಾರೆ. ರಜೆ ಕೇಳಬಹುದು. ಸಿಗುತ್ತದೋ ಇಲ್ಲವೋ.

ಆದರೆ ರಜೆಯೊಂದೇ ಕಾರಣ ಎಂದರೆ ಸುಳ್ಳಾಗುತ್ತದೆ. ಹೋದ ಸಲ ನಾನು ಬಂದಾಗ ನಿನ್ನ ಮನೆಯ ಕಾಗದ ಇನ್ನೂ ಆಗಿರಲಿಲ್ಲ. ನಗರಸಭೆಯ ಕ್ವಾರ್ಟರ್ಸ್, ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು, ಅದಕ್ಕೆ ವಾರ್ಡಿನ ಸದಸ್ಯರ ಸಹಿ ಬೇಕು. ಆ ಸದಸ್ಯರೇ ಮತ್ತೆ ನಿಂತಿದ್ದಾರೆ ಎಂದು ಕೇಳಿದೆ. ಮತಗಟ್ಟೆಗೆ ಒಂದು ಪೆಟ್ಟಿಗೆ, ಪೆಟ್ಟಿಗೆಗೆ ಒಂದು ಲೆಕ್ಕ. ಹೋದ ಚುನಾವಣೆಯಲ್ಲಿ ಹಿಂದಿನ ಬೀದಿಯ ಪೆಟ್ಟಿಗೆಯಲ್ಲಿ ಅವರಿಗೆ ಓಟು ಕಡಿಮೆ ಬಂತು. ಆ ಬೀದಿಯ ದೀಪಗಳು ಏನಾದವು, ನೀರಿನ ಪೈಪು ಅಗೆದು ಹೇಗೆ ಬಿಟ್ಟರು, ಎಲ್ಲರಿಗೂ ಗೊತ್ತು. ಅಕ್ಕ, ಇದನ್ನು ಓದುವವರು ನೀವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಅವರ ಏಜೆಂಟರು ನೀವು. ನಾನು ಹೆದರುವುದರಲ್ಲಿ ಅರ್ಥವಿದೆಯೋ ಇಲ್ಲವೋ ನಿಮಗೇ ಹೆಚ್ಚು ಗೊತ್ತು.

ಅಮ್ಮ, ಆ ಮನೆಯ ಒಂದೊಂದು ಮೆಟ್ಟಿಲೂ ನಿನ್ನ ಕಾಲಿಗೆ ಗೊತ್ತು. ಹೊಸ ಮನೆಯಲ್ಲಿ ನೀನು ಬಚ್ಚಲಿಗೆ ದಾರಿ ಹುಡುಕುವುದನ್ನು ನನ್ನಿಂದ ನೆನೆಸಿಕೊಳ್ಳಲಾಗುವುದಿಲ್ಲ. ಇಲ್ಲಿಗೆ ಬಾ ಎಂದರೆ ಬರುವವಳಲ್ಲ. ಹಾಗಾಗಿ ಒಂದು ಮಾತು ಕೇಳುತ್ತೇನೆ. ಈ ಸಲ ಒಂದು ಬಾರಿ, ಮಂಡಿ ನೋವು ಎಂದು ಮನೆಯಲ್ಲೇ ಇದ್ದುಬಿಟ್ಟರೆ ಏನಾಗುತ್ತದೆ? ನಿನ್ನ ಒಂದು ಓಟಿನಿಂದ ಯಾರೂ ಗೆಲ್ಲುವುದಿಲ್ಲ, ಸೋಲುವುದೂ ಇಲ್ಲ.

ಬರೆದ ಮೇಲೆ ಇದು ನನ್ನ ಮಾತೋ ನನ್ನ ಭಯದ ಮಾತೋ ಎಂದು ಅನುಮಾನ ಬಂತು. ಹೊಡೆದು ಹಾಕಲಿಲ್ಲ. ಹಾಗೇ ಕಳಿಸುತ್ತಿದ್ದೇನೆ.

ನಿನ್ನ
ಪುಟ್ಟಿ


ಮಾರ್ಚ್ 2

ಪುಟ್ಟೀ,

ನಿನ್ನ ಪತ್ರವನ್ನು ಇವಳು ಗಂಟಲು ಸರಿಮಾಡಿಕೊಂಡು ಸರಿಮಾಡಿಕೊಂಡು ಓದಿದಳು. ದೀಪ ಮತ್ತು ಪೈಪಿನ ಸಾಲು ಬಂದಾಗ ಎದ್ದು ನೀರು ಕುಡಿದು ಬಂದಳು. ಆದರೂ ಓದಿದಳು, ಅದು ಅವಳ ದೊಡ್ಡತನ.

(ಸೆಕೆ ಇತ್ತು, ಅದಕ್ಕೆ ನೀರು ಕುಡಿದೆ.)

ಒಂದು ಓಟಿನಿಂದ ಏನಾಗುತ್ತದೆ ಎಂದು ಕೇಳಿದೆ. ಏನೂ ಆಗುವುದಿಲ್ಲ. ಎಕ್ಸ್‌ಚೇಂಜಿನ ನಮ್ಮ ಬೋರ್ಡಿನಲ್ಲಿ ಸಾಲುಸಾಲು ತೂತುಗಳಿದ್ದವು. ಒಂದು ತೂತಿಗೆ ಒಂದು ಮನೆ. ದಿನಗಟ್ಟಲೆ ದೀಪ ಹತ್ತದ ಮನೆಗಳಿದ್ದವು. ಯಾರೂ ಮಾತಾಡದ ಲೈನು ಯಾಕೆ, ಕಿತ್ತುಹಾಕೋಣ ಎಂದು ಯಾರೂ ಅನ್ನಲಿಲ್ಲ. ಅಕಸ್ಮಾತ್ ಒಂದು ದಿನ ಆ ಮನೆಯವರು ರಿಸೀವರ್ ಎತ್ತಿದರೆ ಯಾರಾದರೂ 'ನಂಬರ್ ಪ್ಲೀಸ್' ಅನ್ನಬೇಕು. ನೀನು ನನ್ನನ್ನು ರಿಸೀವರ್ ಎತ್ತಬೇಡ ಅನ್ನುತ್ತಿದ್ದೀಯ.

ಹೆದರಬೇಡ ಅನ್ನುವುದಿಲ್ಲ. ನನಗೂ ಹೆದರಿಕೆ ಇದೆ. ಮೊನ್ನೆ ಸಿಮೆಂಟಿನವರು ಮನೆಗೆ ಬಂದಿದ್ದರು, ಅದೇ, ಸಿಮೆಂಟ್ ಅಂಗಡಿ ಇಟ್ಟಿರುವ ನಿನ್ನ ಸದಸ್ಯರು. ಜೊತೆಗೆ ನಾಲ್ಕು ಜೊತೆ ಬೂಟು. ನಿಮ್ಮಪ್ಪನ ಕುರ್ಚಿ ಎಳೆದುಕೊಂಡು ಕೂತರು, ಅದರ ಕಿರುಗುಟ್ಟುವ ಕಾಲು ನನಗೆ ಗೊತ್ತಲ್ಲ.

"ದೊಡ್ಡಮ್ಮ, ನಮ್ಮ ಗುರುತು ನೆನಪಿದೆ ತಾನೆ? ಕುರ್ಚಿ" ಅಂದರು.

"ಕೂತಿದ್ದೀಯಲ್ಲಪ್ಪ, ಹೇಗೆ ಮರೀಲಿ?" ಅಂದೆ.

ಬೂಟುಗಳು ನಕ್ಕವು. "ನೀವು ಕಷ್ಟಪಡಬೇಡಿ. ಕೆಳಗಿನ ಅಕ್ಕ ಕೈ ಹಿಡ್ಕೊಂಡು ಕರ್ಕೊಂಡು ಬರ್ತಾರೆ, ಒಳಗೂ ಅವರೇ ಬರ್ತಾರೆ. ಎಲ್ಲಾ ಅವರೇ ನೋಡ್ಕೋತಾರೆ. ಮನೆ ಕಾಗದ ಬಂದಿದೆಯಾ?"

"ಇಲ್ಲ."

"ಬರುತ್ತೆ ಬಿಡಿ. ಚುನಾವಣೆ ಒಂದು ಮುಗೀಲಿ."

ಅಷ್ಟೇ ಹೇಳಿದ್ದು. ಮೆತ್ತಗೆ, ಮಗುವಿಗೆ ಹೇಳುವ ಹಾಗೆ. ಆ ದನಿ ಇಪ್ಪತ್ತು ವರ್ಷದ ಹುಡುಗನದಾಗಿದ್ದಾಗ ದಿನಾ ಸಂಜೆ ನನ್ನಿಂದಲೇ ಲೈನು ಕೇಳುತ್ತಿತ್ತು. ಯಾರಿಗೆ, ಏನು ಮಾತಾಡಲು ಎಂದು ನನಗೆ ಗೊತ್ತು. ಈಗ ಒಂದು ಮಾತು ಬಾಯಿಬಿಟ್ಟರೆ ಅವನು ಕುರ್ಚಿ ಸಮೇತ ಮೆಟ್ಟಿಲಿಳಿಯುತ್ತಿದ್ದ. ಬಾಯಿ ಬಿಡಲಿಲ್ಲ. ಬೋರ್ಡಿನ ಮುಂದೆ ಕೂತು ಕೇಳಿದ್ದನ್ನು ಆಚೆ ಆಡುವ ಹಾಗಿಲ್ಲ.

(ಎಷ್ಟು ಕೇಳಿದರೂ ಹೇಳುತ್ತಿಲ್ಲ. ಕಾಫಿ ಮಾಡಿಕೊಟ್ಟು ಕೇಳಿದೆ. ಆಗಲೂ ಇಲ್ಲ.)

ಎದುರು ನಿಂತಿರುವುದು ನಿವೃತ್ತ ನರ್ಸಮ್ಮ, ನಿನಗೆ ಚುಚ್ಚುಮದ್ದು ಹಾಕಿದ್ದಳಲ್ಲ, ನೀನು ಕಚ್ಚಿದ್ದೆಯಲ್ಲ, ಅವಳೇ. ಅವಳಿಗೆ ಹಣಿಗೆ ಗುರುತು ಕೊಟ್ಟಿದ್ದಾರೆ. ಇನ್ನಿಬ್ಬರು ಬೇರೆ ಇದ್ದಾರೆ. ಯಾರಿಗೆ ಹಾಕುತ್ತೇನೆ ಎಂದು ನಾನು ಈ ಕಾಗದದಲ್ಲಿ ಹೇಳುವುದಿಲ್ಲ. ಬರೆಯುವವಳನ್ನು ಕಷ್ಟಕ್ಕೆ ಸಿಕ್ಕಿಸಬಾರದು.

ಬರುತ್ತೀಯೋ ಇಲ್ಲವೋ ಅಷ್ಟು ಬರಿ.

ಅಮ್ಮ


ಮಾರ್ಚ್ 6

ತಂಗಿಗೆ ಕೆಳಮನೆ ಅಕ್ಕನ ನಮಸ್ಕಾರ.

ಇದು ದೊಡ್ಡಮ್ಮ ಹೇಳಿ ಬರೆಸುತ್ತಿರುವ ಪತ್ರವಲ್ಲ. ಕಂಸವಿಲ್ಲದೆ ನಿಮಗೆ ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಬರಬೇಡಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ನಾನು ಶಿಶುವಿಹಾರದಲ್ಲಿ ಆಯಾ ಎಂದು ನಿಮಗೆ ಗೊತ್ತು. ಅದು ಕಾಯಂ ಕೆಲಸವಲ್ಲ. ಪ್ರತಿ ವರ್ಷ ಸಿಮೆಂಟಿನವರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಬೀದಿಯಲ್ಲಿ ಕೈಲಾಗದವರು, ಕಣ್ಣು ಕಾಣದವರು ಎಲ್ಲರನ್ನೂ ನಾನೇ ಒಳಗೆ ಕರೆದುಕೊಂಡು ಹೋಗಬೇಕೆಂದು ಹೇಳಿದ್ದಾರೆ. ಒಬ್ಬರು ಒಬ್ಬರಿಗೇ ಜೊತೆ ಹೋಗಬೇಕೆಂದು ಕಾನೂನಿದೆಯಂತೆ, ಅದನ್ನು ನೋಡುವವರು ಅವರಿಗೆ ಬೇಕಾದವರೇ. ದೊಡ್ಡಮ್ಮ ಬೇರೆ ಯಾರ ಜೊತೆಯಾದರೂ ಹೋದರೆ ನನ್ನನ್ನು ಕೇಳುತ್ತಾರೆ. ನಿಮ್ಮನ್ನಲ್ಲ. ನೀವು ಮರುದಿನ ಬಸ್ಸು ಹತ್ತುತ್ತೀರಿ.

ದೊಡ್ಡಮ್ಮ ಹೇಳಿದ್ದಕ್ಕೇ ಒತ್ತುತ್ತೀಯಾ ಎಂದು ನೀವು ಕೇಳಬಹುದು. ಒತ್ತುತ್ತೇನೆ ಎಂದು ಆಣೆ ಮಾಡಲು ಎರಡು ದಿನದಿಂದ ಪ್ರಯತ್ನಿಸುತ್ತಿದ್ದೇನೆ. ಆಗುತ್ತಿಲ್ಲ. ಆಗದಿದ್ದುದನ್ನು ನಿಮಗೆ ಹೇಳಿಬಿಡುವುದು ಮೇಲು. ಬೆಳಗ್ಗೆ ಅವರಿಗೆ ಪೇಪರ್ ಓದುವವಳು ನಾನು, ಬಟ್ಟೆ ಒಣಹಾಕಿ ಬಣ್ಣ ಹೇಳುವವಳು ನಾನು. ಅವರಿಗೆ ಮೋಸ ಮಾಡಬೇಕೆಂದು ನನಗಿಲ್ಲ. ಅವರ ಮನೆ ಉಳಿಯಲಿ, ನನ್ನ ಕೆಲಸ ಉಳಿಯಲಿ ಎಂದಷ್ಟೇ ಇದೆ.

ಇನ್ನೊಂದು ವಿಷಯ ಹೇಳುತ್ತೇನೆ, ದೊಡ್ಡಮ್ಮನಿಗೆ ತಿಳಿಯುವುದು ಬೇಡ. ನಿಮ್ಮಪ್ಪ ಪ್ರತಿ ಸಲ ಓಟು ಹಾಕಿ ಬಂದ ಮೇಲೆ, ದೊಡ್ಡಮ್ಮನನ್ನು ಮೇಲೆ ಬಿಟ್ಟು ಕೆಳಗಿಳಿದು ನಮ್ಮ ಬಾಗಿಲಿಗೆ ಬರುತ್ತಿದ್ದರು. "ಇಬ್ಬರದೂ ಕುರ್ಚಿಗೇ ಆಯ್ತಮ್ಮ, ಹೇಳಿಬಿಡು" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಕಾಗದ ಬರುತ್ತಿತ್ತು. ನಿಮ್ಮಪ್ಪ ದೊಡ್ಡ ಮನುಷ್ಯರು, ಯೋಚಿಸದೆ ಏನೂ ಮಾಡುತ್ತಿರಲಿಲ್ಲ. ನೀವೂ ಯೋಚಿಸಿ.

ಇಂತಿ
ಅಕ್ಕ


ಮಾರ್ಚ್ 15

ಅಕ್ಕನಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನಿಂತೇ ಓದಿದೆ. ಮೊದಲು ಸಿಟ್ಟು ಬಂತು, ಇಲ್ಲ ಎನ್ನುವುದಿಲ್ಲ. ಆಮೇಲೆ ಸಿಟ್ಟು ನಿಮ್ಮ ಮೇಲೆ ನಿಲ್ಲಲಿಲ್ಲ. ಆಣೆ ಮಾಡಲು ಆಗುತ್ತಿಲ್ಲ ಎಂದು ಬರೆದಿರಲ್ಲ, ಆ ಜಾಗದಲ್ಲಿ ನನ್ನನ್ನು ನಿಲ್ಲಿಸಿ ನೋಡಿಕೊಂಡೆ. ಅಮ್ಮ ನನ್ನ ಕಿವಿಯಲ್ಲಿ 'ಹಣಿಗೆ' ಎನ್ನುತ್ತಾಳೆ. ಮುದ್ರೆ ನನ್ನ ಕೈಯಲ್ಲಿದೆ. ಅವಳಿಗೆ ಕಾಣುವುದಿಲ್ಲ. ಕುರ್ಚಿಯ ಮೇಲೆ ಒತ್ತಿದರೆ ಅವಳ ಮನೆ ಉಳಿಯುತ್ತದೆ, ನಿಮ್ಮ ಕೆಲಸ ಉಳಿಯುತ್ತದೆ, ಅವಳಿಗೆ ಎಂದಿಗೂ ತಿಳಿಯುವುದಿಲ್ಲ. ಅಕ್ಕ, ನಾನು ಏನು ಮಾಡುತ್ತೇನೆಂದು ನನಗೆ ಗೊತ್ತಿಲ್ಲ. ನಿಮ್ಮಿಂದ ಅಮ್ಮನ ಓಟನ್ನು ಕಾಪಾಡಲು ಬರುತ್ತೇನೆ ಎಂದು ಬರೆಯಲು ಕೂತವಳು ಆ ವಾಕ್ಯವನ್ನು ಮುಗಿಸಲಾರದೆ ಹೋದೆ.

ಅಪ್ಪ ನಿಮ್ಮ ಬಾಗಿಲಿಗೆ ಬರುತ್ತಿದ್ದ ವಿಷಯವನ್ನು ಅಮ್ಮನಿಗೆ ಹೇಳುವುದಿಲ್ಲ. ಅವರು ಅಮ್ಮನಿಗೆ ಸುಳ್ಳು ಹೇಳಿದರೋ ನಿಮಗೆ ಸುಳ್ಳು ಹೇಳಿದರೋ ಎಂದು ಯೋಚಿಸುತ್ತಾ ಮೇಷ್ಟರ ಕಾಲನ್ನು ಸುಮ್ಮನೆ ಹಿಡಿದುಕೊಂಡು ಕೂತುಬಿಟ್ಟಿದ್ದೆ. "ಏನಮ್ಮ, ಇವತ್ತು ಬಿಡೋದೇ ಇಲ್ವಾ?" ಎಂದರು.

ರಜೆ ಸಿಕ್ಕಿದೆ. ಬರುತ್ತಿದ್ದೇನೆ. ಅಮ್ಮನಿಗೆ ಅಷ್ಟನ್ನು ಓದಿ ಹೇಳಿ.

ನಿಮ್ಮನ್ನು ಯಾರಾದರೂ ಕೇಳಿದರೆ, ಮಗಳು ಹಟಮಾರಿ, ಯಾರ ಮಾತೂ ಕೇಳುವವಳಲ್ಲ ಎಂದುಬಿಡಿ. ನರ್ಸಮ್ಮನನ್ನು ಕೇಳಿದರೆ ಸಾಕ್ಷಿ ಸಿಗುತ್ತದೆ.

ನಿಮ್ಮ
ತಂಗಿ


ಮಾರ್ಚ್ 24

ಪುಟ್ಟೀ,

ಬರುತ್ತೀಯ ಎಂದು ಇವಳು ಹೇಳಿದಳು. ಹೇಳುವ ಮೊದಲು ಸುಮಾರು ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಉಸಿರು ಕೇಳಿಸುತ್ತಿತ್ತು. ಒಳಗೆ ಬಾ, ಯಾರಿಗೇನಾಯಿತು ಎಂದೆ. ಯಾರಿಗೂ ಏನೂ ಆಗಿಲ್ಲ, ತಂಗಿ ಬರ್ತಾಳಂತೆ ಎಂದಳು. ಸಂತೋಷದ ಸುದ್ದಿಯನ್ನು ಹಾಗೆ ಹೇಳುವುದುಂಟೆ?

ಬಾ. ಬರುವಾಗ ಚಪ್ಪಟೆ ಚಪ್ಪಲಿ ಹಾಕಿಕೊಂಡು ಬಾ, ಮತಗಟ್ಟೆ ಇರುವ ಶಾಲೆಯ ಅಂಗಳವೆಲ್ಲ ಕಲ್ಲು.

(ಬನ್ನಿ. ಇನ್ನೇನು ಬರೆಯಲಿ.)

ಅಮ್ಮ


ಏಪ್ರಿಲ್ 16

ಪ್ರೀತಿಯ ಅಮ್ಮನಿಗೆ, ಮತ್ತು ಓದುತ್ತಿರುವ ಅಕ್ಕನಿಗೆ,

ಕ್ಷೇಮವಾಗಿ ತಲುಪಿದೆ. ಅಲ್ಲಿ ಆಡಲಾಗದ ಕೆಲವು ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಅಕ್ಕ, ದಯವಿಟ್ಟು ಎಲ್ಲವನ್ನೂ ಗಟ್ಟಿಯಾಗಿ ಓದಿ. ನಿಮಗೂ ಸೇರಿಸಿಯೇ ಬರೆದದ್ದು.

ಮತಗಟ್ಟೆಯ ಬಾಗಿಲಲ್ಲಿ ನೀವು ಕುರ್ಚಿಯ ಬಿಲ್ಲೆ ಹಾಕಿಕೊಂಡು ನಿಂತಿದ್ದಿರಿ, ಅಕ್ಕ. ನಾನು ಅಮ್ಮನ ಕೈ ಹಿಡಿದು ಬಂದಾಗ ನೀವು ನಮ್ಮಿಬ್ಬರ ಮುಖ ನೋಡಲಿಲ್ಲ, ನಮ್ಮ ಕಾಲು ನೋಡಿದಿರಿ. ಸಿಮೆಂಟಿನವರ ಕಡೆಯವರೊಬ್ಬರು ಗೋಡೆಗೊರಗಿ ನಿಮ್ಮನ್ನೇ ನೋಡುತ್ತಿದ್ದರು. ಆ ಕ್ಷಣ ತಿರುಗಿ ಮನೆಗೆ ಹೋಗಿಬಿಡೋಣ ಅನ್ನಿಸಿತು ನನಗೆ.

ಒಳಗಿನ ಅಧಿಕಾರಿ ಒಳ್ಳೆಯವರು. ಆದರೆ ಕಣ್ಣು ಕಾಣದವರಿಗೆ ಕಿವಿಯೂ ಕೇಳುವುದಿಲ್ಲ ಎಂದು ನಂಬಿದ್ದವರು. ಅಮ್ಮ ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಸಹಿ ಹಾಕಿಸಿಕೊಂಡು, "ಅಜ್ಜೀ! ಯಾರಿಗೆ ಒತ್ತಬೇಕು ಅಂತ ಮಗಳಿಗೆ ಹೇಳೀ!" ಎಂದು ಕೂಗಿದರು.

"ಮೆತ್ತಗೆ ಹೇಳಪ್ಪ. ನೀನು ಹೀಗೆ ಕೂಗಿದರೆ ನಾನೂ ಕೂಗಿಯೇ ಹೇಳಬೇಕಾಗುತ್ತೆ, ಇಡೀ ಶಾಲೆಗೆ ಕೇಳುತ್ತೆ" ಎಂದೆ ನೀನು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಅಂಗೈ ಒದ್ದೆಯಾಗಿತ್ತು. ನಿನಗೆ ಗೊತ್ತಾಗಿರಬೇಕು, ಹಿಡಿದುಕೊಂಡವಳು ನೀನೇ.

ಮರೆಯೆಂದರೆ ಒಂದು ಮೇಜು, ಅದರ ಮೇಲೆ ಮೂರು ಕಡೆ ನಿಲ್ಲಿಸಿದ ರಟ್ಟು. ನೀನು ಕಿವಿಯಲ್ಲಿ ಹೇಳುತ್ತೀಯ ಎಂದು ನಾನು ಬಗ್ಗಿದೆ. ನೀನು ಹೇಳಲಿಲ್ಲ. "ಮೇಲಿಂದ ಓದು" ಅಂದೆ. "ಒಂದೊಂದೇ ಓದು. ಓದಿ ನನ್ನ ಬೆರಳನ್ನು ಅದರ ಮೇಲಿಡು."

ಅಮ್ಮ, ಈ ಉಪಾಯ ನನಗೆ ಹೊಳೆದಿರಲಿಲ್ಲ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಕೂತು, ಒತ್ತುವಾಗ ನನ್ನ ಕೈ ಎತ್ತ ಹೋಗುತ್ತದೋ ಎಂದು ಹೆದರಿದ್ದವಳು ನಾನು. ನೀನು ಒತ್ತುವ ಕೆಲಸವನ್ನು ನನಗೆ ಕೊಡಲೇ ಇಲ್ಲ. ಆದರೆ ಭಯ ಹೋಗಲಿಲ್ಲ, ಬಾಯಿಗೆ ಬಂತು. ಮೊದಲನೆಯದು ಬುಟ್ಟಿ. ನಿನ್ನ ಬೆರಳಿಟ್ಟು "ಬುಟ್ಟಿ" ಎಂದೆ. ಎರಡನೆಯದು ಹಣಿಗೆ, ಮೂರನೆಯದು ಕುರ್ಚಿ, ಅಕ್ಕಪಕ್ಕ. ಹಣಿಗೆಯ ಮೇಲೆ ನಿನ್ನ ಬೆರಳಿಟ್ಟು 'ಕುರ್ಚಿ' ಎಂದಿದ್ದರೆ, ಕುರ್ಚಿಯ ಮೇಲಿಟ್ಟು 'ಹಣಿಗೆ' ಎಂದಿದ್ದರೆ ಮುಗಿದುಹೋಗುತ್ತಿತ್ತು. ಎರಡು ಪದ. ನಿನ್ನ ಮನೆ ಉಳಿಯುತ್ತಿತ್ತು. ನಾನು ಆ ಪದವನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ನಿಂತೆ. ಎಷ್ಟು ಹೊತ್ತು ನಿಂತೆನೋ. ಅಧಿಕಾರಿ ಕೆಮ್ಮಿದರು.

ನೀನು ಬೇಗ ಓದು ಅನ್ನಲಿಲ್ಲ. ನಿನ್ನ ಬೆರಳು ನನ್ನ ಬೆರಳಿನ ಕೆಳಗೆ ಹಾಗೇ ಇತ್ತು, ಕಾಯುತ್ತಾ, ಲೈನು ಸಿಗುವವರೆಗೆ ಕಾಯುವವರ ಹಾಗೆ. ನನ್ನನ್ನು ತಡೆದದ್ದು ದೊಡ್ಡ ಯೋಚನೆಯೇನೂ ಅಲ್ಲ. ಆ ಬೆರಳು ಅಷ್ಟೇ. ಅದು ನನ್ನ ಮಾತನ್ನು ನಂಬಿ ಕೂತಿರಲಿಲ್ಲ, ನಂಬದೆಯೂ ಕೂತಿರಲಿಲ್ಲ. ಕೇಳಲು ಕೂತಿತ್ತು.

"ಹಣಿಗೆ" ಎಂದೆ. "ಕುರ್ಚಿ" ಎಂದೆ. "ಗರಗಸ" ಎಂದೆ. ಇದ್ದದ್ದನ್ನು ಇದ್ದಲ್ಲಿಯೇ.

"ಇನ್ನೊಂದು ಸಲ" ಅಂದೆ ನೀನು. ಇನ್ನೊಂದು ಸಲ ಓದಿದೆ. ನೀನು ಎಡಗೈಯ ಬೆರಳುಗಳನ್ನು ಬಿಡಿಸಿ ಕಾಗದದ ಅಂಚಿಗೆ ಅಳತೆ ಇಟ್ಟುಕೊಂಡೆ. ಆಮೇಲೆ, "ಮುದ್ರೆ ಕೊಡು. ಈಗ ಆ ಕಡೆ ತಿರುಗು."

"ಅಮ್ಮ, ಗೆರೆ ಮೇಲೆ ಬಿದ್ದರೆ ಓಟು ಕೆಡುತ್ತೆ."

"ಕೆಡಲಿ. ತಿರುಗು."

ತಿರುಗಿದೆ. ನನ್ನ ಮುಂದೆ ಶಾಲೆಯ ಕಪ್ಪು ಹಲಗೆ, ಅದರ ಮೂಲೆಯಲ್ಲಿ ಯಾವುದೋ ಮಗು ಬರೆದು ಅರ್ಧ ಅಳಿಸಿದ ಮಗ್ಗಿ. ಹಿಂದೆ ಕುಟ್ ಎಂದಿತು. ಆಸ್ಪತ್ರೆಯಲ್ಲಿ ದಿನಾ ಮಾಡುವ ಕೆಲಸ ಇದು, ಕೈ ಬಿಟ್ಟು ಹಿಂದೆ ಸರಿಯುವುದು. ಆದರೆ ಅಲ್ಲಿ ಬೀಳುವವರನ್ನು ನೋಡುತ್ತಿರುತ್ತೇನೆ. ನೋಡದೆ ಬಿಡುವುದು ಎಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

ಹೊರಗೆ ಬಂದಾಗ, ಅಕ್ಕ, ನೀವು ಹತ್ತಿರ ಬಂದು ಕೇಳಿದಿರಿ, "ಆಯ್ತಾ ತಂಗಿ? ಯಾವುದಕ್ಕೆ ಒತ್ತಿದಿರಿ?" ಗೋಡೆಗೊರಗಿದ್ದವರೂ ಕತ್ತು ಚಾಚಿದ್ದರು. "ನಾನು ಒತ್ತಲಿಲ್ಲ ಅಕ್ಕ. ಅಮ್ಮನೇ ಒತ್ತಿದಳು. ನನಗೆ ಗೊತ್ತಿಲ್ಲ" ಎಂದೆ. ನೀವು ನಂಬಲಿಲ್ಲ. ಆದರೆ ನಾನು ಹೇಳಿದ್ದು ನಿಜ. ಸಹಿ ಹಾಕಿ ಮುಚ್ಚಿಡಬೇಕಾದ ಗುಟ್ಟು ನನ್ನ ಹತ್ತಿರ ಇಲ್ಲವೇ ಇಲ್ಲ. ಸಿಮೆಂಟಿನವರು ಬಂದು ಕೇಳಿದರೂ ಇದನ್ನೇ ಹೇಳುತ್ತೇನೆ. ನಿಮಗೂ ಇದನ್ನೇ ಹೇಳಲು ಬರುತ್ತದೆ. ಅಮ್ಮ ಅಷ್ಟನ್ನು ಯೋಚಿಸಿಯೇ ನನ್ನನ್ನು ತಿರುಗಿಸಿದಳೋ, ಅಥವಾ ಸುಮ್ಮನೆ ಅವಳಿಗೆ ಹಾಗೆ ಬೇಕಿತ್ತೋ, ಅದೂ ನನಗೆ ಗೊತ್ತಿಲ್ಲ.

ಇನ್ನೊಂದು. ನೀನು ಹಣಿಗೆಗೇ ಹಾಕುತ್ತೀಯ ಎಂದು ನಾನು ಯಾಕೆ ಅಂದುಕೊಂಡಿದ್ದೆ? ನೀನು ಎಲ್ಲಿಯೂ ಹೇಳಿರಲಿಲ್ಲ. ನಾನು ಹೆಸರು ಅದಲುಬದಲು ಮಾಡಿ, ನೀನು ನಿನ್ನದೇ ಕಾರಣಕ್ಕೆ ಕುರ್ಚಿಯನ್ನೇ ಹುಡುಕುತ್ತಿದ್ದಿದ್ದರೆ, ನಿನ್ನನ್ನು ಕಾಪಾಡಲು ಹೋಗಿ ನಾನೇ ನಿನ್ನ ಮನೆ ಕಳೆಯುತ್ತಿದ್ದೆ. ಬಸ್ಸಿನಲ್ಲಿ ಇದು ಹೊಳೆದು ಪಕ್ಕದವರಿಗೆ ಕೇಳಿಸುವ ಹಾಗೆ "ಅಯ್ಯೋ" ಎಂದೆ. ಏನನ್ನೋ ಮರೆತು ಬಂದಿದ್ದೇನೆ ಎಂದುಕೊಂಡು ಅವರು ಸೀಟಿನ ಕೆಳಗೆಲ್ಲ ಹುಡುಕಿದರು.

ಮನೆಗೆ ವಾಪಸ್ ನಡೆಯುವಾಗ ನೆನಪಿದೆಯಾ? ಬಿಸಿಲು, ಹೊಸ ಬಸ್ ನಿಲ್ದಾಣ, ನನ್ನ ಚಪ್ಪಲಿ, ಮೇಷ್ಟರ ಬೈಗುಳ, ಬಾಯಿಗೆ ಬಂದದ್ದನ್ನೆಲ್ಲ ಮಾತಾಡುತ್ತಾ ಬಂದೆ. ತಿರುವಿನಲ್ಲಿ ನೀನು ನಿಂತುಬಿಟ್ಟೆ. "ನಿಮ್ಮಪ್ಪನ ಹಾಗೇ ಮಾತಾಡ್ತಿದ್ದೀಯಲ್ಲೇ" ಎಂದೆ. ನಾನು ಏನೂ ಮೋಸ ಮಾಡಿರಲಿಲ್ಲ ಅಮ್ಮ. ಮಾಡಿಬಿಡುತ್ತಿದ್ದೆನಲ್ಲ ಎಂಬ ನಡುಕ ಇನ್ನೂ ಇಳಿದಿರಲಿಲ್ಲ, ಅಷ್ಟೇ. ಅಪ್ಪನಿಗೂ ಪ್ರತಿ ಸಲ ಅಷ್ಟೇ ಆಗಿದ್ದಿರಬಹುದಲ್ಲವೇ?

ವ್ಯಾಯಾಮ ಮಾಡು. ಮನೆಯ ಕಾಗದ ಬಂದ ದಿನವೇ ಬರಿ. ಬರದಿದ್ದರೂ ಬರಿ.

ನಿನ್ನ
ಪುಟ್ಟಿ


ಮೇ 3

ಪುಟ್ಟೀ,

ನಿನ್ನ ಪತ್ರವನ್ನು ಇವಳು ಗಟ್ಟಿಯಾಗಿಯೇ ಓದಿದಳು. ನೀರು ಕುಡಿಯಲು ಏಳಲಿಲ್ಲ.

ನೀನು ಹಣಿಗೆಯ ಹತ್ತಿರ ನಿಂತೆಯಲ್ಲ, ಆಗ ನನಗೆ ಗೊತ್ತಾಯಿತು. ಲೈನಿನಲ್ಲಿ ಮನುಷ್ಯರು ಸುಮ್ಮನಾದಾಗ ಅದು ಎಂಥ ಮೌನ ಎಂದು ನನಗೆ ಗೊತ್ತಾಗುತ್ತದೆ. ಅದಕ್ಕೇ ಇನ್ನೊಂದು ಸಲ ಓದು ಅಂದದ್ದು. ಸುಳ್ಳನ್ನು ಎರಡನೆಯ ಸಲ ಅದೇ ದನಿಯಲ್ಲಿ ಹೇಳಲು ಬರುವುದಿಲ್ಲ. ನಿನ್ನ ದನಿ ಎರಡು ಸಲವೂ ಒಂದೇ ಇತ್ತು.

ಈಗ ಸುದ್ದಿ. ಸಿಮೆಂಟಿನವರೇ ಗೆದ್ದರು. ಹಿಂದಿನ ಸಲದಷ್ಟು ಅಂತರದಲ್ಲಲ್ಲ, ಕೂದಲೆಳೆಯಲ್ಲಿ. ಆದರೆ ನಮ್ಮ ಶಾಲೆಯ ಪೆಟ್ಟಿಗೆಯಲ್ಲಿ ಹಣಿಗೆಗೇ ಹೆಚ್ಚು ಬಿದ್ದಿದೆಯಂತೆ. ಒಂದಷ್ಟು ಕೆಟ್ಟ ಓಟುಗಳೂ ಇದ್ದವಂತೆ, ಗೆರೆಯ ಮೇಲೆ ಮುದ್ರೆ ಬಿದ್ದವು. ಅದರಲ್ಲಿ ನನ್ನದೂ ಇರಬಹುದು. ಇರಲಿ. ಬಿದ್ದದ್ದು ನನ್ನ ಕೈಯಿಂದ.

ಬೀದಿಯಲ್ಲಿ ಈಗ ಎಲ್ಲರೂ ಎಲ್ಲರ ಮುಖ ನೋಡುತ್ತಿದ್ದಾರೆ, ಯಾರು, ಯಾರು ಎಂದು. ಸಿಮೆಂಟಿನವರು ಮೊನ್ನೆ ಬಂದಿದ್ದರು. ಈ ಸಲ ಕೂರಲಿಲ್ಲ.

"ದೊಡ್ಡಮ್ಮ, ನೇರವಾಗಿ ಕೇಳ್ತೀನಿ. ಯಾರಿಗೆ ಹಾಕಿದಿರಿ?"

"ನಿನ್ನ ವಿಷಯ ಯಾರಾದರೂ ಬಂದು ಕೇಳಿದರೆ ಹೇಳಬಹುದೇನಪ್ಪ?" ಅಂದೆ. "ಹಳೇದು. ಸಂಜೆ ಹೊತ್ತಿನದು."

ಅವನ ಉಸಿರು ನಿಂತಿತು. ಹೆದರಿಸಲು ಹೇಳಿದ್ದಲ್ಲ, ಪುಟ್ಟಿ. ಹೇಳಿ ಮುಗಿಯುವಷ್ಟರಲ್ಲಿ ಅದು ಬೆದರಿಕೆಯ ಹಾಗೆ ಕೇಳಿಸಿತು ಎಂದು ನನಗೇ ಗೊತ್ತಾಯಿತು. ಅದಕ್ಕೇ ತಕ್ಷಣ ಸೇರಿಸಿದೆ, "ಕೇಳಿದರೂ ನಾನು ಹೇಳಲ್ಲ. ನೀನು ನನ್ನ ಕಾಗದ ಮಾಡಿಸಿದರೂ ಹೇಳಲ್ಲ, ಮಾಡಿಸದಿದ್ದರೂ ಹೇಳಲ್ಲ. ಅದು ನಿನ್ನದು. ಇದು ನನ್ನದು." ಮೆಟ್ಟಿಲಿಳಿದು ಹೋದರು. ಕಾಗದ ಇನ್ನೂ ಬಂದಿಲ್ಲ. ಬರಬಹುದು, ಬರದಿರಬಹುದು. ಬಾಗಿಲು ಬಡಿದಾಗೆಲ್ಲ ಎದೆ ಹೊಡೆದುಕೊಳ್ಳುತ್ತದೆ. ಇದ್ದದ್ದನ್ನು ಇದ್ದ ಹಾಗೆ ಬರೆಸುತ್ತಿದ್ದೇನೆ.

ನಿಮ್ಮಪ್ಪ ಕೆಳಗಿನ ಬಾಗಿಲಿಗೆ ಹೋಗಿ ಹೇಳುತ್ತಿದ್ದುದನ್ನು ಇವಳೇ ಹೇಳಿದಳು, ಅತ್ತುಕೊಂಡು. ನಮ್ಮಿಬ್ಬರಲ್ಲಿ ಒಬ್ಬರಿಗೆ ಅವರು ಸುಳ್ಳು ಹೇಳಿದ್ದಾರೆ. ಇವಳಿಗೇ ಇರಬೇಕು ಎಂದುಕೊಂಡು ಮಲಗುತ್ತೇನೆ. ಕೆಲವು ದಿನ ನಿದ್ದೆ ಬರುತ್ತದೆ.

ಇವಳ ಕೆಲಸದ ಮಾತನ್ನು ಇವಳೇ ಹೇಳಲಿ.

ಅಮ್ಮ

(ತಂಗೀ, ಕೆಲಸ ಜೂನ್‌ವರೆಗೆ ಇದೆ. ಆಮೇಲಿನದು ಹೇಳಿಲ್ಲ. ನಿಮ್ಮ ಬೀದಿಯಲ್ಲಿ ಯಾರು ಕೈಕೊಟ್ಟರು, ಒಬ್ಬೊಬ್ಬರ ಹೆಸರು ಹೇಳು ಎಂದು ಅವರ ಕಡೆಯವರು ನನ್ನನ್ನು ಕೂರಿಸಿಕೊಂಡು ಕೇಳಿದರು. ದೊಡ್ಡಮ್ಮನದು ನನಗೆ ಗೊತ್ತಿಲ್ಲ ಎಂದೆ. ಸಹಿ ಹಾಕಿಸಿಕೊಳ್ಳಲು ಈ ಸಲ ಹೊಸ ಅಧಿಕಾರಿ ಬಂದಿದ್ದರಲ್ಲ, ನನ್ನನ್ನು ಒಬ್ಬರ ಜೊತೆ ಮಾತ್ರ ಒಳಗೆ ಬಿಟ್ಟರು, ಉಳಿದವರದೂ ಗೊತ್ತಿಲ್ಲ ಎಂದೆ. ಎಲ್ಲರ ವಿಷಯ ಕೇಳಿದರು. ನನ್ನದನ್ನು ಕೇಳಲೇ ಇಲ್ಲ. ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ, ಬಿಲ್ಲೆ ಹಾಕಿಕೊಂಡವಳನ್ನು ಕೇಳುವುದೇನಿದೆ ಎಂದು.

ಈಗ ಈ ಪತ್ರ ಓದಿ ಮುಗಿಸಿದ ಮೇಲೆ ದೊಡ್ಡಮ್ಮ ನನ್ನ ಕಡೆ ಮುಖ ಮಾಡಿ, "ನೀನು ಯಾರಿಗೆ ಹಾಕಿದೆಯೇ?" ಎಂದು ಕೇಳಿದರು.

ನಾನೂ ಹೇಳಲಿಲ್ಲ.)